ಹೊಟ್ಟೆಬಾಕ ಕೋಶಗಳಿಗೆ ಮದ್ದಿನ ತುತ್ತು

ತಲೆನೋವೆಂದು ಅಮ್ಮ ಕೊಟ್ಟ ಮಾತ್ರೆ ನುಂಗಿದ ಮಗು, "ಹೊಟ್ಟೆಗೆ ಹೋದ ಮಾತ್ರೆಗೆ ನೋವು ತಲೆಯಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳುವುದುಂಟು. ಹಿರಿಯರು ನಕ್ಕು ಸುಮ್ಮನಾಗುವ ಪ್ರಶ್ನೆ ಇದು. ನಗುವಂಥದ್ದೇನೂ ಅದರಲ್ಲಿಲ್ಲ. ನಿಜವಾದ ಉತ್ತರವೆಂದರೆ, ಮಾತ್ರೆಗೆ ಗೊತ್ತಾಗುವುದೇ ಇಲ್ಲ. ಕರಗಿದ ಔಷಧ ಕರುಳಿನಿಂದ ರಕ್ತಕ್ಕಿಳಿದು, ರಕ್ತ ಹರಿದಲ್ಲೆಲ್ಲ ಹರಿಯುತ್ತದೆ. ತಲೆಗೂ ಹೋಗುತ್ತದೆ, ಕಾಲಿನ ಕಿರುಬೆರಳಿಗೂ ಹೋಗುತ್ತದೆ.

ತಲೆನೋವಿನ ಮಾತ್ರೆಯ ಮಟ್ಟಿಗೆ ಇದರಿಂದ ದೊಡ್ಡ ತೊಂದರೆಯೇನಿಲ್ಲ. ಒಂದು ಗಿಡ ಬಾಡಿತೆಂದು ಇಡೀ ಹಿತ್ತಲಿಗೆ ನೀರು ಹಾಯಿಸಿದಂತೆ; ಒಂದಿಷ್ಟು ಪೋಲಾಯಿತು, ಅಷ್ಟೆ. ಆದರೆ ಹಾಯಿಸಬೇಕಾದದ್ದು ನೀರಲ್ಲ, ವಿಷ ಎಂದಾದರೆ? ಕ್ಯಾನ್ಸರ್ ಕೋಶವನ್ನು ಕೊಲ್ಲುವ ಔಷಧ ಒಳ್ಳೆಯ ಕೋಶವನ್ನೂ ಕೊಲ್ಲಬಲ್ಲದು. ದೇಹದೊಳಗೆ ಬೇರೂರಿದ ಶಿಲೀಂಧ್ರವನ್ನು ನಾಶಮಾಡುವ ಔಷಧ ಮೂತ್ರಪಿಂಡವನ್ನೂ ಹಾಳುಗೆಡವಬಲ್ಲದು. ಇಂಥ ಕಡೆ ವೈದ್ಯರು ರೋಗಕ್ಕೆ ಎಷ್ಟು ಔಷಧ ಬೇಕು ಎನ್ನುವುದಕ್ಕಿಂತ ರೋಗಿ ಎಷ್ಟು ತಡೆದುಕೊಂಡಾನು ಎಂದು ಲೆಕ್ಕಹಾಕಬೇಕಾಗುತ್ತದೆ.

ಜರ್ಮನಿಯ ಪೌಲ್ ಎರ್ಲಿಕ್ ಎಂಬ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದಕ್ಕೊಂದು ಪರಿಹಾರದ ಕನಸು ಕಂಡಿದ್ದರು. ರೋಗಾಣುವನ್ನಷ್ಟೇ ಹುಡುಕಿ ಹೊಡೆದು, ದೇಹದ ಉಳಿದ ಭಾಗವನ್ನು ಮುಟ್ಟದ ಔಷಧಕ್ಕೆ ಅವರು 'ಮಾಂತ್ರಿಕ ಗುಂಡು' ಎಂದು ಹೆಸರಿಟ್ಟರು. 1908ರಲ್ಲಿ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದಾಗ ಅದನ್ನು ಹಂಚಿಕೊಂಡವರು ಇಲ್ಯಾ ಮೆಚ್ನಿಕಾಫ್. ರಷ್ಯನ್ ಚಕ್ರಾಧಿಪತ್ಯದಲ್ಲಿ ಹುಟ್ಟಿದ ಈ ಜೀವಶಾಸ್ತ್ರಜ್ಞ 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಕೆಲವು ಕೋಶಗಳು ಆ ಮುಳ್ಳನ್ನು ಮುತ್ತಿಕೊಳ್ಳುವುದನ್ನು ಕಂಡವರು. ಹೊರಗಿನಿಂದ ಬಂದದ್ದನ್ನು ನುಂಗಿ ಅರಗಿಸುವ ಇಂಥ ಕೋಶಗಳಿಗೆ ಭಕ್ಷಕ ಕೋಶಗಳೆಂದು ಹೆಸರು. ನಮ್ಮ ಯಕೃತ್ತು, ಗುಲ್ಮ, ಮೂಳೆಯ ಮಜ್ಜೆಗಳಲ್ಲಿ ಇವು ಬೀಡುಬಿಟ್ಟು, ಹರಿದುಹೋಗುವ ರಕ್ತದಿಂದ ಕಸವನ್ನು ಹೆಕ್ಕಿ ತಿನ್ನುತ್ತಿರುತ್ತವೆ.

ಎರ್ಲಿಕ್ ಕನಸಿನ ಗುಂಡು ಕೊನೆಗೆ ತಯಾರಾದಾಗ ಅದನ್ನು ಮೊದಲು ನುಂಗಿದ್ದು ಮೆಚ್ನಿಕಾಫರ ಈ ಕೋಶಗಳೇ! ಅದೊಂದು ಸೋಲಿನಂತೆ ಕಂಡಿತು. ಆ ಸೋಲೇ ಬಿಹಾರದ ಬಡವರ ಪಾಲಿಗೆ ವರವಾದದ್ದು ಹೇಗೆ ಎಂಬುದು ಮುಂದಿನ ಕಥೆ.

ತಾನೇ ಮುಚ್ಚಿಕೊಳ್ಳುವ ಚೀಲ

ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಎಂಬಲ್ಲಿ ಪ್ರಾಣಿ ಶರೀರಕ್ರಿಯೆಯ ಸಂಶೋಧನಾ ಸಂಸ್ಥೆಯೊಂದಿತ್ತು. ಅಲ್ಲಿ ರಕ್ತದ ಬಗ್ಗೆ ಕೆಲಸ ಮಾಡುತ್ತಿದ್ದ ಅಲೆಕ್ ಬ್ಯಾಂಗಮ್ 1961ರಲ್ಲಿ, ಸಂಸ್ಥೆಗೆ ಹೊಸದಾಗಿ ಬಂದಿದ್ದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಪರೀಕ್ಷಿಸಲು ತಮ್ಮ ಸಂಗಾತಿ ಹಾರ್ನ್ ಜೊತೆ ಕುಳಿತರು. ನೋಡಲು ಇಟ್ಟದ್ದು ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಜಾತಿಯ ವಸ್ತು. ಕೋಳಿಮೊಟ್ಟೆಯ ಹಳದಿಯಲ್ಲೂ ಸೋಯಾ ಅವರೆಯಲ್ಲೂ ಹೇರಳವಾಗಿರುವ ಲೆಸಿಥಿನ್ ಇದೇ ಗುಂಪಿನದು. ಒಣಗಿದ ಫಾಸ್ಫೊಲಿಪಿಡ್‌ಗೆ ಬಣ್ಣಗಟ್ಟುವ ದ್ರಾವಣ ಬೆರೆಸಿ ನೋಡಿದರೆ, ಈರುಳ್ಳಿಯಂತೆ ಪದರ ಪದರವಾದ ಅತಿ ಚಿಕ್ಕ ಗುಳ್ಳೆಗಳು ಕಂಡವು. ಜೀವಕೋಶದ ಹೊರಪೊರೆಯ ಚಿತ್ರದಂತೆಯೇ ಅವುಗಳ ಅಂಚೂ ಇತ್ತು.

ಏಕೆ ಹೀಗಾಯಿತು? ಪಿಯುಸಿ ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳು ಕೋಶಪೊರೆಯ ಚಿತ್ರವನ್ನು ಜ್ಞಾಪಿಸಿಕೊಳ್ಳಲಿ: ಎರಡೆರಡು ಬಾಲದ ಗೊದಮೊಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಇರುತ್ತದೆ. ಗೊದಮೊಟ್ಟೆಯ ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಬಾಲಗಳು ನೀರಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಎದುರಾಗಿ ಒಳಮುಖ ಮಾಡಿ ನಿಲ್ಲುತ್ತವೆ. ತಲೆಗಳು ಎರಡೂ ಕಡೆ ನೀರಿನತ್ತ ಚಾಚುತ್ತವೆ. ಹೀಗೆ ಎರಡು ಸಾಲಿನ ಒಂದು ಹಾಳೆಯಾಯಿತು. ಹಾಳೆಯ ಅಂಚಿನಲ್ಲಿ ಮಾತ್ರ ಬಾಲಗಳು ಇನ್ನೂ ನೀರಿಗೆ ತೆರೆದೇ ಇರುತ್ತವಲ್ಲ! ಹಾಗಾಗಿ ಕಡುಬಿನ ಅಂಚನ್ನು ಮಡಿಚಿ ಒತ್ತಿದ ಹಾಗೆ ಹಾಳೆ ಬಾಗಿ, ಅಂಚುಗಳು ಕೂಡಿ, ಚೀಲವಾಗುತ್ತದೆ. ಯಾರೂ ಒತ್ತಬೇಕಿಲ್ಲ, ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವಾಗ ಸುತ್ತಲಿನ ನೀರಿನ ಒಂದು ಹನಿಯನ್ನೂ, ಆ ನೀರಿನಲ್ಲಿ ಕರಗಿದ್ದನ್ನೂ ಹೂರಣದಂತೆ ಒಳಗೆ ಸೇರಿಸಿಕೊಂಡಿರುತ್ತದೆ.

ಬ್ಯಾಂಗಮ್ ಮತ್ತು ಹಾರ್ನ್ ತಮ್ಮ ಚಿತ್ರಗಳನ್ನು 1964ರಲ್ಲಿ ಪ್ರಕಟಿಸಿದರು. ಗೆಳೆಯರು ತಮಾಷೆಗೆ ಇವನ್ನು 'ಬ್ಯಾಂಗೊಸೋಮ್' ಎನ್ನುತ್ತಿದ್ದರಂತೆ. 1968ರಲ್ಲಿ ಅಮೆರಿಕದ ಜೆರಾಲ್ಡ್ ವೈಸ್‌ಮನ್ ಕೊಟ್ಟ 'ಲೈಪೊಸೋಮ್' ಎಂಬ ಹೆಸರು ನಿಂತಿತು.

ಇಂದು ಔಷಧಕ್ಕೆ ಬಳಸುವ ಲೈಪೊಸೋಮ್‌ಗಳ ಗಾತ್ರ ಸಾಮಾನ್ಯವಾಗಿ 80ರಿಂದ 100 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೊಮೀಟರ್. 80 ನ್ಯಾನೊಮೀಟರಿನ ಚೀಲಗಳನ್ನು ಒತ್ತಾಗಿ ಜೋಡಿಸಿದರೆ, ತಲೆಗೂದಲೊಂದರ ಅಡ್ಡಗಲಕ್ಕೆ ಸುಮಾರು ಸಾವಿರ ಚೀಲಗಳು ಬೇಕು. ಕೆಂಪು ರಕ್ತಕಣದ ಅಗಲಕ್ಕೇ ನೂರರ ಹತ್ತಿರ ಹಿಡಿಯುತ್ತವೆ. ಆದ್ದರಿಂದ ಅತಿ ಸಣ್ಣ ಲೋಮನಾಳಗಳಲ್ಲೂ ಇವು ಸಿಕ್ಕಿಹಾಕಿಕೊಳ್ಳದೆ ಸಾಗುತ್ತವೆ. 'ನ್ಯಾನೊ ಔಷಧ' ಎಂದು ಈಗ ಕೇಳಿಬರುವ ಮಾತಿನ ಹಿಂದೆ ಚಿನ್ನದ ಕಣ, ಕಬ್ಬಿಣದ ಕಣ, ಪ್ರೊಟೀನಿನ ಉಂಡೆ ಎಂದು ಹಲವು ಬಗೆಗಳಿವೆ. ರೋಗಿಯ ಹಾಸಿಗೆಯವರೆಗೆ ಮೊದಲು ತಲುಪಿ ಅತಿ ಹೆಚ್ಚು ಬಳಕೆಗೆ ಬಂದದ್ದರಲ್ಲಿ ಈ ಕೊಬ್ಬಿನ ಚೀಲಕ್ಕೇ ಅಗ್ರಸ್ಥಾನ.

ವಿಳಾಸ ತಪ್ಪಿದ ಪೊಟ್ಟಣ

ಚೀಲದಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಟ್ಟರೆ ಹೇಗೆ? 1970ರ ದಶಕದ ಮೊದಲಲ್ಲಿ ಲಂಡನ್ನಿನಲ್ಲಿ ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಬ್ರೆಂಡಾ ರೈಮನ್ ಇದನ್ನು ಪರೀಕ್ಷಿಸಿದರು. ಕಿಣ್ವವೊಂದನ್ನು ಲೈಪೊಸೋಮ್‌ಗಳಲ್ಲಿ ತುಂಬಿ ಇಲಿಗಳ ರಕ್ತಕ್ಕೆ ಚುಚ್ಚಿ, ಅದು ಎಲ್ಲಿಗೆ ಹೋಯಿತೆಂದು ಹುಡುಕಿದರು. ಸಿಕ್ಕಿದ್ದು ಹೆಚ್ಚಾಗಿ ಯಕೃತ್ತು ಮತ್ತು ಗುಲ್ಮಗಳಲ್ಲಿ. ಭಕ್ಷಕ ಕೋಶಗಳು ಚೀಲಗಳನ್ನು ಕಸವೆಂದೇ ಬಗೆದು ನುಂಗಿಬಿಟ್ಟಿದ್ದವು.

ಕ್ಯಾನ್ಸರ್ ಗೆಡ್ಡೆಗೆ ಔಷಧ ಮುಟ್ಟಿಸಬೇಕೆಂದಿದ್ದವರಿಗೆ ಇದು ನಿರಾಸೆಯ ಸುದ್ದಿ. ಬೇರೆಯವರ ಮನೆಗೆ ಕಳಿಸಿದ ಪೊಟ್ಟಣವನ್ನು ಬಾಗಿಲ ಕಾವಲಿನವನೇ ಬಿಚ್ಚಿ ತಿಂದಂತಾಯಿತು. ಕಾವಲಿನವನ ಕಣ್ಣುತಪ್ಪಿಸುವ ಉಪಾಯ ಹುಡುಕಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರುಮೆಚ್ಚುವ ಉದ್ದನೆಯ ಅಣುಗಳನ್ನು ಚೀಲದ ಮೈಮೇಲೆ ಕೂದಲಿನಂತೆ ನೆಟ್ಟರೆ, ಭಕ್ಷಕ ಕೋಶಗಳಿಗೆ ಅದನ್ನು ಗುರುತಿಸುವುದು ಕಷ್ಟವಾಗುತ್ತದೆ. ಜೆರೂಸಲೆಮ್ಮಿನ ಬಾರೆನ್‌ಹೋಲ್ಜ್ ಮತ್ತು ಗ್ಯಾಬಿಜಾನ್ ಎಂಬ ಇಬ್ಬರು ಈ ಹಾದಿಯಲ್ಲಿ ದುಡಿದು ರೂಪಿಸಿದ 'ಡಾಕ್ಸಿಲ್' ಎಂಬ ಕ್ಯಾನ್ಸರ್ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದರೊಳಗಿನ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಹಳೆಯ ಔಷಧ. ಹೃದಯದ ಸ್ನಾಯುವಿಗೆ ಹಾನಿ ಮಾಡುವುದರಿಂದ ಒಬ್ಬ ರೋಗಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದೆಂಬ ಮಿತಿಯಿದೆ. ಚೀಲದೊಳಗಿಟ್ಟು ಕೊಟ್ಟಾಗ ಹೃದಯಕ್ಕೆ ಬೀಳುವ ಪೆಟ್ಟು ಬಹಳ ಕಡಿಮೆಯಾಯಿತು. ಅದರ ಬದಲು ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಹೊಸ ತೊಂದರೆ ಕೆಲವರಲ್ಲಿ ಕಾಣಿಸಿತು.

'ಕ್ಷಿಪಣಿಯಂತೆ ಗುರಿಯಿಟ್ಟು ಕ್ಯಾನ್ಸರಿಗೆ ಹೊಡೆಯುವ ನ್ಯಾನೊ ಕಣ' ಎಂಬ ತಲೆಬರಹಗಳನ್ನು ಪತ್ರಿಕೆಗಳಲ್ಲಿ ಓದುಗರು ಎಷ್ಟೋ ಸಲ ಕಂಡಿರಬಹುದು. ಈ ಹೋಲಿಕೆ ದಾರಿ ತಪ್ಪಿಸುವಂಥದು. ಕ್ಷಿಪಣಿಗೆ ತನ್ನ ಗುರಿ ಎಲ್ಲಿದೆ ಎಂದು ಗೊತ್ತು. ಈ ಚೀಲಕ್ಕೆ ಗೊತ್ತಿಲ್ಲ. ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ ಸಂದುಬಿಟ್ಟಿರುವುದರಿಂದ, ತಿರುಗುತ್ತ ತಿರುಗುತ್ತ ಕೆಲವು ಚೀಲಗಳು ಅಲ್ಲಿ ಸೋರಿ ಉಳಿಯುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೆದಾ ತೋರಿಸಿದ್ದರು. ಎಷ್ಟು ಉಳಿಯುತ್ತವೆ? ಹತ್ತು ವರ್ಷಗಳ ಪ್ರಯೋಗ ವರದಿಗಳನ್ನು ಒಟ್ಟುಹಾಕಿ 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ನಾನಾ ಬಗೆಯ ನ್ಯಾನೊ ಕಣಗಳಲ್ಲಿ ಗೆಡ್ಡೆ ಮುಟ್ಟಿದ್ದು ಮಧ್ಯಾಂಕದಲ್ಲಿ ಶೇಕಡಾ 0.7. ನೂರರಲ್ಲಿ ಒಂದೂ ಇಲ್ಲ! ಉಳಿದದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಹೊಟ್ಟೆಬಾಕರ ಪಾಲು.

ಶತ್ರು ಅಡಗಿದ್ದು ಕಾವಲಿನವನ ಮನೆಯಲ್ಲೇ

ಇನ್ನು ಬಿಹಾರಕ್ಕೆ ಬರೋಣ. ಗಂಗೆಯ ಬಯಲಿನ ಹಳ್ಳಿಗಳಲ್ಲಿ ಮಣ್ಣುಗೋಡೆಯ ಬಿರುಕುಗಳಲ್ಲಿ, ದನದ ಕೊಟ್ಟಿಗೆಯ ತೇವದಲ್ಲಿ ಮರಳು ನೊಣ ಎಂಬ ಕೀಟವಿದೆ. ಸೊಳ್ಳೆಗಿಂತ ಚಿಕ್ಕದು. ಅದರ ಕಡಿತದಿಂದ ಹರಡುವ ಕಾಯಿಲೆ ಕಾಲಾ ಆಜಾರ್. 'ಕಾಲಾ' ಎಂದರೆ ಕಪ್ಪು. 'ಆಜಾರ್' ಪಾರಸಿಯ ಮಾತು, ಮರಾಠಿಯ 'ಆಜಾರ', ನಮ್ಮ ಉತ್ತರ ಕರ್ನಾಟಕದ 'ಆಜಾರಿ' ಅದರ ನೆಂಟರು. ವಾರಗಟ್ಟಲೆ ಬಿಡದ ಜ್ವರ, ಉಬ್ಬಿದ ಗುಲ್ಮದಿಂದ ಬಿಗಿದ ಹೊಟ್ಟೆ, ಕಡ್ಡಿಯಂಥ ಕೈಕಾಲು, ಕಪ್ಪಡರುವ ಮೈಬಣ್ಣ ಇದರ ಲಕ್ಷಣ. ಚಿಕಿತ್ಸೆ ಸಿಗದಿದ್ದರೆ ಬಹುತೇಕ ಸಾವೇ ಗತಿ. 1992ರಲ್ಲಿ ದೇಶದಲ್ಲಿ 77,102 ಮಂದಿಗೆ ಈ ರೋಗ ಬಂದು 1,419 ಮಂದಿ ಸತ್ತರೆಂದು ಸರ್ಕಾರದ ದಾಖಲೆ ಹೇಳುತ್ತದೆ. ಇವರಲ್ಲಿ ಹೆಚ್ಚಿನವರು ಬಿಹಾರದವರು, ಕೂಲಿಯಿಂದ ಬದುಕುವವರು.

ಇದರ ರೋಗಾಣುವನ್ನು 1903ರಲ್ಲಿ ಗುರುತಿಸಿದವರು ಇಬ್ಬರು: ಕಲ್ಕತ್ತೆ ಬಳಿಯ ಡಂಡಂನಲ್ಲಿದ್ದು ಜ್ವರಕ್ಕೆ ತುತ್ತಾದ ಸೈನಿಕನೊಬ್ಬನ ಗುಲ್ಮದಲ್ಲಿ ಅದನ್ನು ಕಂಡ ಲೀಶ್‌ಮನ್, ಮದರಾಸಿನ ಆಸ್ಪತ್ರೆಯಲ್ಲಿ ಕಂಡ ಡೊನೊವನ್. ಇಬ್ಬರ ಹೆಸರೂ ಸೇರಿ ಅದು 'ಲೀಶ್‌ಮೇನಿಯಾ ಡೊನೊವನಿ' ಆಯಿತು. ಈ ಏಕಕೋಶ ಜೀವಿಯ ಧೈರ್ಯ ನೋಡಿ: ತನ್ನನ್ನು ತಿನ್ನಬೇಕಾದ ಭಕ್ಷಕ ಕೋಶದೊಳಗೇ ಹೋಗಿ, ಅರಗದೆ ಉಳಿದು, ಅಲ್ಲೇ ಮರಿಹಾಕುತ್ತದೆ! ಅದರ ವಾಸ ಯಕೃತ್ತು, ಗುಲ್ಮ, ಮಜ್ಜೆ. ಅಂದರೆ ಲೈಪೊಸೋಮ್‌ಗಳು ಬೇಡವೆಂದರೂ ಹೋಗಿ ಸೇರುತ್ತಿದ್ದವಲ್ಲ, ಅದೇ ವಿಳಾಸ.

ಇದು ಮೊದಲು ಹೊಳೆದದ್ದು 1977-78ರ ಹೊತ್ತಿಗೆ ಬ್ರಿಟನ್ ಮತ್ತು ಅಮೆರಿಕಗಳ ಮೂರು ಬೇರೆ ಬೇರೆ ಗುಂಪುಗಳಿಗೆ. ಕಾಲಾ ಆಜಾರ್‌ಗೆ ಆಗ ಕೊಡುತ್ತಿದ್ದದ್ದು ಆಂಟಿಮನಿ ಲೋಹದ ಔಷಧ. 1920ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು ಯೂರಿಯಾ ಸ್ಟಿಬಮೈನ್ ಕಂಡುಹಿಡಿದು ಅಸಂಖ್ಯ ಜೀವ ಉಳಿಸಿದ ಪರಂಪರೆ ಅದರದು. ಅದೇ ಬಗೆಯ ಔಷಧವನ್ನು ಲೈಪೊಸೋಮ್‌ನಲ್ಲಿ ತುಂಬಿ ರೋಗದ ಇಲಿ, ಹ್ಯಾಮ್‌ಸ್ಟರ್‌ಗಳಿಗೆ ಕೊಟ್ಟಾಗ ಅದರ ಬಲ ನೂರಾರು ಪಟ್ಟು ಹೆಚ್ಚಿತು. ಚೀಲವನ್ನು ಕೋಶ ನುಂಗಿತು. ಒಳಗಿದ್ದ ಶತ್ರುವಿಗೆ ಮದ್ದು ಸಿಕ್ಕಿತು.

ಅಷ್ಟರಲ್ಲಿ ಬಿಹಾರದಲ್ಲಿ ಆಂಟಿಮನಿಯೇ ಕೈಕೊಡತೊಡಗಿತು. 1990ರ ದಶಕದಲ್ಲಿ ಮುಜಫ್ಫರ್‌ಪುರದ ಸುತ್ತಮುತ್ತ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಅದು ನಾಟದಾಯಿತು. ಬೇರೆ ದಾರಿಯಿಲ್ಲದೆ ವೈದ್ಯರು ಆಂಫೊಟೆರಿಸಿನ್-ಬಿ ಎಂಬ ಶಿಲೀಂಧ್ರನಾಶಕವನ್ನು ಹಿಡಿದರು. ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ದೊರೆತ ಔಷಧ ಅದು. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿ ಪೊರೆಯನ್ನು ಕೆಡಿಸುತ್ತದೆ. ಲೀಶ್‌ಮೇನಿಯಾದ ಪೊರೆಯಲ್ಲೂ ಅದರ ಹತ್ತಿರದ ವಸ್ತುವಿದೆ. ನಮ್ಮ ಕೋಶಗಳ ಕೊಲೆಸ್ಟೆರಾಲ್ ಕೂಡ ಅದೇ ಕುಟುಂಬದ್ದಾದ್ದರಿಂದ ಪೆಟ್ಟು ನಮಗೂ ತಪ್ಪದು. ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೇ ಗಡಗಡ ನಡುಕ, ಜ್ವರ. ದಿನ ಕಳೆದಂತೆ ಮೂತ್ರಪಿಂಡದ ತೊಂದರೆ. ಹಾಗಾಗಿ ದೇಹತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂನಂತೆ, ದಿನ ಬಿಟ್ಟು ದಿನ, ಹದಿನೈದು ಸಲ ಕೊಡಬೇಕಿತ್ತು. ಒಂದು ತಿಂಗಳು ಆಸ್ಪತ್ರೆ. ಕೂಲಿಯವನಿಗೆ ಒಂದು ತಿಂಗಳ ದುಡಿಮೆ ಹೋಯಿತು, ನೋಡಿಕೊಳ್ಳಲು ಬಂದ ಹೆಂಡತಿಯ ದುಡಿಮೆಯೂ ಹೋಯಿತು. ಅರ್ಧಕ್ಕೇ ಬಿಟ್ಟು ಊರಿಗೆ ಹೊರಟರೆ ರೋಗ ಮರುಕಳಿಸುತ್ತದೆ.

ಇದೇ ಔಷಧದ ಲೈಪೊಸೋಮ್ ರೂಪ 1990ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂತು. ಇಲ್ಲೊಂದು ಸ್ವಾರಸ್ಯವಿದೆ. ಆಂಫೊಟೆರಿಸಿನ್ ನೀರಿನಲ್ಲಿ ಕರಗದು. ಆದ್ದರಿಂದ ಅದು ಚೀಲದ ಹೂರಣವಾಗದೆ ಕಣಕವೇ ಆಗಿದೆ, ಗೋಡೆಯ ಗೊದಮೊಟ್ಟೆಗಳ ನಡುವೆ ಹೆಣೆದುಕೊಂಡು ಕೂರುತ್ತದೆ. ಅಲ್ಲಿಂದ ಸುಲಭಕ್ಕೆ ಕಳಚಿಕೊಳ್ಳದೆ ಇರುವುದರಿಂದ ಮೂತ್ರಪಿಂಡಕ್ಕೆ ತಗಲುವುದು ಕಡಿಮೆ. ನಮ್ಮ ದೇಶದಲ್ಲೂ ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ಬಿ.ಕೆ. ಬಛಾವತ್ ಮತ್ತು ಸಂಗಡಿಗರು ಇಂಥದೊಂದು ಲೈಪೊಸೋಮ್ ಔಷಧವನ್ನು ರೂಪಿಸಿದ್ದರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಅದರ ಪರೀಕ್ಷೆ ನಡೆಯಿತು.

ನಿರ್ಣಾಯಕ ಪರೀಕ್ಷೆ ನಡೆದದ್ದು ಮುಜಫ್ಫರ್‌ಪುರದಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಅವರ ನೇತೃತ್ವದಲ್ಲಿ. 304 ರೋಗಿಗಳಿಗೆ ಲೈಪೊಸೋಮ್ ಔಷಧವನ್ನು ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಸಲ ಕೊಡಲಾಯಿತು. 108 ಮಂದಿಗೆ ಹಳೆಯ ರೀತಿಯಲ್ಲಿ ಹದಿನೈದು ಡ್ರಿಪ್. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇಕಡಾ 95.7, ಎರಡನೆಯದರಲ್ಲಿ ಶೇಕಡಾ 96.3 ಮಂದಿ ಗುಣವಾಗಿದ್ದರು. 2010ರಲ್ಲಿ ಇದು ಪ್ರಕಟವಾಯಿತು. ವಿದ್ಯಾರ್ಥಿಗಳು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು: ಹೊಸದು ಹಳೆಯದಕ್ಕಿಂತ ಹೆಚ್ಚು ಜನರನ್ನೇನೂ ಗುಣಪಡಿಸಲಿಲ್ಲ. ಹೆಚ್ಚುಗಾರಿಕೆ ಇರುವುದು ಹದಿನೈದು ಒಂದಾದದ್ದರಲ್ಲಿ. ತಿಂಗಳ ಬದಲು ಒಂದೆರಡು ದಿನದಲ್ಲಿ ರೋಗಿ ಮನೆಗೆ ಹೋಗಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ಮಾತೇ ಇಲ್ಲ. ಸಾದಾ ಆಂಫೊಟೆರಿಸಿನ್ನನ್ನು ಒಮ್ಮೆಲೇ ಇಷ್ಟು ಕೊಟ್ಟರೆ ಪ್ರಾಣಕ್ಕೇ ಅಪಾಯ. ಹೆಸರು ಒಂದೇ ಆದರೂ ಈ ಎರಡು ರೂಪಗಳನ್ನು ಅದಲುಬದಲು ಮಾಡುವಂತಿಲ್ಲ.

ಬೆಲೆ ಯಾರು ಕೊಡಬೇಕು

40 ಕಿಲೋ ತೂಕದ ರೋಗಿಗೆ 400 ಮಿಲಿಗ್ರಾಂ ಬೇಕು. ಒಂದು ವಯಲಿನಲ್ಲಿರುವುದು 50 ಮಿಲಿಗ್ರಾಂ. ಅಂದರೆ ಎಂಟು ವಯಲ್. ಬಡ ದೇಶಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕಂಪನಿಯೊಡನೆ ಚೌಕಾಸಿ ಮಾಡಿ ಒಂದಕ್ಕೆ ಸುಮಾರು 20 ಡಾಲರಿಗೆ ಇಳಿಸಿದ ಮೇಲೂ ಒಬ್ಬನಿಗೆ 160 ಡಾಲರ್ ಆಯಿತು. ಮಣ್ಣುಗೋಡೆಯ ಮನೆಯವನು ಅದನ್ನು ಎಲ್ಲಿಂದ ತರಬೇಕು? 2011ರ ಕೊನೆಗೆ ಗಿಲಿಯಡ್ ಕಂಪನಿ ಐದು ವರ್ಷಗಳಲ್ಲಿ 4,45,000 ವಯಲ್‌ಗಳನ್ನು ಉಚಿತವಾಗಿ ಕೊಡಲು ಒಪ್ಪಿತು. 2014ರಲ್ಲಿ ಭಾರತ ಈ ಒಂದೇ ಡೋಸಿನ ಚಿಕಿತ್ಸೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಇದನ್ನು 25 ಡಿಗ್ರಿಗಿಂತ ತಂಪಾಗಿಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಉಪ್ಪುನೀರಿನ ಸಲೈನ್ ತಾಗಿದರೆ ಕೆಡುತ್ತದೆ, ಡೆಕ್ಸ್‌ಟ್ರೋಸ್ ದ್ರಾವಣದಲ್ಲೇ ಬೆರೆಸಬೇಕು. ವಿದ್ಯುತ್ ಬಂದು ಹೋಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಇದೇನು ಸಣ್ಣ ಕೆಲಸವಲ್ಲ. ಮನೆಮನೆಗೆ ಕೀಟನಾಶಕ ಸಿಂಪಡಣೆ, ಬೆರಳ ತುದಿಯ ಒಂದು ಹನಿ ರಕ್ತದಿಂದ ರೋಗ ಗುರುತಿಸುವ ಪಟ್ಟಿ ಪರೀಕ್ಷೆ ಇವುಗಳ ಪಾಲೂ ದೊಡ್ಡದು. ಎಲ್ಲ ಸೇರಿ 2023ರ ಹೊತ್ತಿಗೆ ದೇಶದಲ್ಲಿ ವರ್ಷದ ಪ್ರಕರಣಗಳು ಸಾವಿರದೊಳಕ್ಕೆ ಇಳಿದವು.

ಕರ್ನಾಟಕದವರಿಗೆ ಈ ಔಷಧದ ಹೆಸರು ಪರಿಚಯವಾದದ್ದು ಬೇರೆಯೇ ಸಂಕಟದಲ್ಲಿ. 2021ರ ಮೇ ತಿಂಗಳು, ಕೋವಿಡ್ಡಿನ ಎರಡನೆಯ ಅಲೆ. ಮಧುಮೇಹವಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಮೂಗು, ಕಣ್ಣಿನ ಗೂಡುಗಳನ್ನು ಕೊರೆಯುವ 'ಕಪ್ಪು ಶಿಲೀಂಧ್ರ' ಕಾಣಿಸಿಕೊಂಡಿತು. ಇಲ್ಲಿ ಶತ್ರು ಭಕ್ಷಕ ಕೋಶದೊಳಗಿಲ್ಲ; ಲೈಪೊಸೋಮ್ ಬೇಕಾದದ್ದು ಮೂತ್ರಪಿಂಡ ಉಳಿಸಿಕೊಂಡು ಹೆಚ್ಚು ಔಷಧ ಕೊಡುವುದಕ್ಕಾಗಿ. ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಆರು ವಯಲ್, ಮೂರು ವಾರಕ್ಕೆ 126. ಬಿಹಾರದ ರೋಗಿಗೆ ಪೂರ್ತಿ ಗುಣವಾಗಲು ಎಂಟು ಸಾಕಾಗಿದ್ದನ್ನು ನೆನೆಯಿರಿ. ಮಕ್ಕಳು ಚೀಟಿ ಹಿಡಿದು ಔಷಧದಂಗಡಿಯಿಂದ ಅಂಗಡಿಗೆ ಅಲೆದರು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಪಾಲು ಹಂಚಬೇಕಾಯಿತು. ಜೂನ್ ತಿಂಗಳಲ್ಲಿ ಇದರ ಮೇಲಿನ ಜಿಎಸ್‌ಟಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಲಾಯಿತು. ಲಸಿಕೆ, ಆಮ್ಲಜನಕದ ಗದ್ದಲದಲ್ಲಿ ಈ ಕೊರತೆಯ ಪಾಠವನ್ನು ನಾವು ಬೇಗ ಮರೆತೆವು. ಶುದ್ಧ ಫಾಸ್ಫೊಲಿಪಿಡ್ ತರಿಸಿ, ಒಂದೇ ಗಾತ್ರದ ಚೀಲ ಕಟ್ಟಿ, ಸೋಂಕು ತಗಲದಂತೆ ಒಣಗಿಸುವ ಕೆಲಸ ಬೇಕೆಂದ ಮರುದಿನವೇ ಆಗುವಂಥದಲ್ಲ.

ಕೋವಿಡ್ ಕಾಲದಲ್ಲೇ ಅಮೆರಿಕ, ಯುರೋಪುಗಳಲ್ಲಿ ಬಳಸಿದ ಎಂಆರ್‌ಎನ್‌ಎ ಲಸಿಕೆಗಳೂ ಕೊಬ್ಬಿನ ನ್ಯಾನೊ ಕಣದಲ್ಲೇ ಕೂತು ಬಂದವು. ಅವು ನೀರು ತುಂಬಿದ ಚೀಲಗಳಲ್ಲ, ಒಳಗೂ ಕೊಬ್ಬು ಕಿಕ್ಕಿರಿದ ಉಂಡೆಗಳು. ಅದು ಬೇರೆಯೇ ಕಥೆ.

ಕಾಲಾ ಆಜಾರ್ ಇನ್ನೂ ಪೂರ್ತಿ ಮುಗಿದಿಲ್ಲ. ಗುಣವಾದವರಲ್ಲಿ ಕೆಲವರಿಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳ ನಂತರ ಮುಖ, ಮೈಮೇಲೆ ಬಿಳಿಚಿದ ಮಚ್ಚೆಗಳೋ ಗಂಟುಗಳೋ ಏಳುತ್ತವೆ. ಗುಲ್ಮದಿಂದ ತೆರವಾದ ರೋಗಾಣು ಚರ್ಮದಲ್ಲಿ ನೆಲೆಸಿರುತ್ತದೆ. ನೋವಿಲ್ಲ, ಜ್ವರವಿಲ್ಲ, ತೊನ್ನೋ ಕುಷ್ಠವೋ ಎಂದು ತಿಳಿದು ಹಲವರು ಆಸ್ಪತ್ರೆಗೇ ಹೋಗುವುದಿಲ್ಲ. ಇಂಥವರನ್ನು ಕಡಿದ ಮರಳು ನೊಣಕ್ಕೆ ರೋಗಾಣು ಅಂಟುತ್ತದೆಂದು ಪ್ರಯೋಗಗಳು ತೋರಿಸಿವೆ. ಚರ್ಮಕ್ಕೆ ಲೈಪೊಸೋಮ್ ಗುಲ್ಮಕ್ಕೆ ಸೇರಿದಷ್ಟು ಧಾರಾಳವಾಗಿ ಸೇರದು. ಒಂದು ಡ್ರಿಪ್ಪಿನಲ್ಲಿ ಮುಗಿಯುವ ಚಿಕಿತ್ಸೆ ಇವರಿಗೆ ಸಾಲದು. ಮಿಲ್ಟೆಫೊಸಿನ್ ಎಂಬ ಗುಳಿಗೆಯನ್ನು ಹನ್ನೆರಡು ವಾರ ನುಂಗಬೇಕು, ಅಥವಾ ಲೈಪೊಸೋಮ್ ಔಷಧವನ್ನೇ ಹಲವು ಸಲ ಹಾಕಿಸಿಕೊಳ್ಳಬೇಕು. ಬಿಹಾರದ ಆರೋಗ್ಯ ಕಾರ್ಯಕರ್ತೆಯರು ಹಳೆಯ ರೋಗಿಗಳ ಮನೆಗೆ ಹೋಗಿ ಮೈಮೇಲಿನ ಮಚ್ಚೆ ಹುಡುಕುವುದು ಇದೇ ಕಾರಣಕ್ಕೆ.